ಟ್ಯಾಂಕರ್ ಹಿಂದೆ ನಿಲ್ಲಬೇಕು ಅಂತ ಥ್ರಾಟಲ್ ಬಿಚ್ಚಿದ್ದು

ವರ್ಚುವಲ್ ಫೈಟರ್ ಸ್ಕ್ವಾಡ್ರನ್, ಅಂದರೆ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಒಟ್ಟಾಗಿ ಫೈಟರ್ ವಿಮಾನ ಹಾರಿಸುವ ಗುಂಪು, ಸೇರಿದರೆ ಮೊದಲ ವಾರವೇ ಮಿಸೈಲ್ ಬಿಡಬಹುದು ಅಂದುಕೊಂಡು ಬರುವವರು ಜಾಸ್ತಿ. ಅಲ್ಲಿ ಕಲಿಸುವುದೇ ಬೇರೆ. ಇಂಜಿನ್ ಸ್ಟಾರ್ಟ್, ಟ್ಯಾಕ್ಸಿ, ರೇಡಿಯೋದಲ್ಲಿ ಮಾತಾಡುವ ರೀತಿ, ಇನ್ನೊಂದು ವಿಮಾನದ ರೆಕ್ಕೆ ಪಕ್ಕ ಅಲ್ಲಾಡದೆ ಹಾರುವುದು, ಹಡಗಿನ ಮೇಲೆ ಇಳಿಯುವುದು, ಟ್ಯಾಂಕರ್ ವಿಮಾನದಿಂದ ಗಾಳಿಯಲ್ಲೇ ಇಂಧನ ತುಂಬಿಸಿಕೊಳ್ಳುವುದು. ಇಷ್ಟೂ ಪಾಸಾದ ಮೇಲೆ ರೇಡಾರ್, ಮಿಸೈಲ್ ಎಲ್ಲ.

ನಮ್ಮದು ಡಿಸಿಎಸ್ ವರ್ಲ್ಡ್ ಅನ್ನುವ ಸಿಮ್ಯುಲೇಟರ್‌ನಲ್ಲಿ ಎಫ್/ಎ-18ಸಿ ಹಾರ್ನೆಟ್ ಫೈಟರ್ ವಿಮಾನ ಹಾರಿಸುವ ಸಣ್ಣ ಗುಂಪು. ಹೆಚ್ಚಿನವರು ಯುರೋಪಿನವರು, ನಾನು ಬೆಂಗಳೂರಿನಿಂದ. ಅಮೆರಿಕದ ನೌಕಾಪಡೆ ಹೊಸ ಪೈಲಟ್‌ಗಳಿಗೆ ಬರೆದ ತರಬೇತಿ ಕೈಪಿಡಿಗಳು ಸಾರ್ವಜನಿಕವಾಗಿಯೇ ಸಿಗುತ್ತವೆ. ಅದನ್ನು ಓದಿಕೊಂಡೇ ಬರಬೇಕು. ಕ್ಲಾಸ್ ಶುರುವಾಗುವುದು ಗ್ರೀನಿಚ್ ಗಡಿಯಾರದ ಪ್ರಕಾರ ಸಂಜೆ 7ಕ್ಕೆ. ಅಂದರೆ ನನಗೆ ರಾತ್ರಿ 12:30. ಮನೆಯವರು ಮಲಗಿರುತ್ತಾರೆ, ನಾನು ಹೆಡ್‌ಸೆಟ್ ಹಾಕಿಕೊಂಡು 'ಫಾಕ್ಸ್ ತ್ರೀ' (ರೇಡಾರ್ ಮಿಸೈಲ್ ಬಿಟ್ಟೆ) ಅಂತ ಪಿಸುಗುಡುತ್ತಿರುತ್ತೇನೆ. ನಡುವೆ ಕರೆಂಟ್ ಹೋದರೆ ಯುಪಿಎಸ್ ಕೀರಲು ಶುರು ಮಾಡುತ್ತದೆ. ಅದರ ಕಥೆ ಇನ್ನೊಂದು ಸಲ.

ಫಾರ್ಮೇಶನ್, ಅಂದರೆ ಇನ್ನೊಂದು ವಿಮಾನದ ಪಕ್ಕ ಅಂಟಿಕೊಂಡು ಹಾರುವ ಪಾಠದಲ್ಲಿ ನಾನು ನಿಂತುಬಿಟ್ಟಿದ್ದೆ. ಲೀಡರ್ ಪಕ್ಕ ಒಂದು ಕ್ಷಣ ಸರಿಯಾಗಿರುತ್ತಿದ್ದೆ, ಮುಂದಿನ ಕ್ಷಣ ಹಿಂದೆ ಬೀಳುತ್ತಿದ್ದೆ, ಆಮೇಲೆ ಮುಂದೆ ನುಗ್ಗುತ್ತಿದ್ದೆ. ಇನ್‌ಸ್ಟ್ರಕ್ಟರ್ ಟ್ಯಾಕ್‌ವ್ಯೂ ತೆರೆದರು. ಹಾರಾಟದ ರೆಕಾರ್ಡಿಂಗ್ ಇಟ್ಟುಕೊಂಡು ವೇಗ, ಎತ್ತರ, ಇಬ್ಬರ ನಡುವಿನ ಅಂತರ ಎಲ್ಲವನ್ನೂ ಗ್ರಾಫ್ ಆಗಿ ತೋರಿಸುವ ಸಾಫ್ಟ್‌ವೇರ್ ಅದು. ನನ್ನ ವೇಗದ ಗೆರೆ ಗರಗಸದ ಹಲ್ಲಿನ ಹಾಗೆ ಇತ್ತು. ಕೈ ನಡುಗುವವರ ಗೆರೆಯೂ ಇಷ್ಟು ಒರಟಾಗಿರುವುದಿಲ್ಲ, ಒಮ್ಮೆ ನಿನ್ನ ಥ್ರಾಟಲ್ (ಇಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಲಿವರ್) ಪರೀಕ್ಷೆ ಮಾಡು ಅಂದರು.

ಆ ಮಾತು ನನಗೆ ಹಿಡಿಸಿತು. ಎಲ್ಲ ಸ್ಕ್ವಾಡ್ರನ್‌ಗಳಲ್ಲೂ 'ಇನ್ನೂ ಪ್ರಾಕ್ಟೀಸ್ ಮಾಡು' ಅನ್ನುವವರೇ ಇರುತ್ತಾರೆ. ಪ್ರಾಕ್ಟೀಸ್ ಬೇಕು, ನಿಜ. ಆದರೆ ಉಪಕರಣ ಸುಳ್ಳು ಹೇಳುತ್ತಿದ್ದರೆ ಪ್ರಾಕ್ಟೀಸ್‌ನಿಂದ ಕಲಿಯುವುದು ಆ ಸುಳ್ಳನ್ನು ಸಂಭಾಳಿಸುವುದನ್ನು ಮಾತ್ರ.

ಮೊದಲು ಅಳತೆ

ಬಿಚ್ಚುವ ಮೊದಲು ಮೂರು ಪರೀಕ್ಷೆ ಮಾಡಿದೆ. ಖರ್ಚಿಲ್ಲದ ಕೆಲಸ, ಯಾರು ಬೇಕಾದರೂ ಮಾಡಬಹುದು. ಆಕ್ಸಿಸ್‌ನ, ಅಂದರೆ ಲಿವರ್ ಎಲ್ಲಿದೆ ಅಂತ ಕಂಪ್ಯೂಟರ್‌ಗೆ ಹೋಗುವ, ಕಚ್ಚಾ ಸಂಖ್ಯೆಯನ್ನು ತೋರಿಸುವ ಯಾವುದಾದರೂ ಉಚಿತ ಪ್ರೋಗ್ರಾಂ ಸಾಕು. ವಿಂಡೋಸ್‌ನದೇ ಗೇಮ್ ಕಂಟ್ರೋಲರ್ ಕಿಟಕಿಯಲ್ಲೂ ಸ್ಥೂಲವಾಗಿ ಕಾಣುತ್ತದೆ, ಆದರೆ ಅದು ಕ್ಯಾಲಿಬ್ರೇಶನ್ ಆದ ಮೇಲಿನ ಚಿತ್ರ.

ಒಂದು, ಲಿವರ್ ಮಧ್ಯದಲ್ಲಿಟ್ಟು ಕೈ ತೆಗೆಯುವುದು. ಸಂಖ್ಯೆ ಸುಮ್ನೆ ಇರಬೇಕು. ನನ್ನದು ಕುಣಿಯುತ್ತಿತ್ತು. ಎರಡು, ಲಿವರನ್ನು ತೀರಾ ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಒಯ್ಯುವುದು. ಎಲ್ಲಿಯಾದರೂ ಸಂಖ್ಯೆ ಹಾರಿದರೆ ಆ ಜಾಗದಲ್ಲಿ ಒಳಗಿನ ಉಜ್ಜುವ ಟ್ರ್ಯಾಕ್ ಸವೆದಿದೆ ಅಂತ. ನನ್ನದರಲ್ಲಿ ಅರ್ಧ ದಾರಿಯಿಂದ ಸ್ವಲ್ಪ ಮುಂದೆ ಹಾರುತ್ತಿತ್ತು. ಹಾರ್ನೆಟ್ ಸಮವೇಗದಲ್ಲಿ ಹೋಗುವಾಗ ಲಿವರ್ ಜಾಸ್ತಿ ಹೊತ್ತು ನಿಲ್ಲುವ ಜಾಗವೇ ಅದು, ಹಾಗಾಗಿ ಅಲ್ಲೇ ಸವೆದಿರುವುದರಲ್ಲಿ ಆಶ್ಚರ್ಯವಿಲ್ಲ. ಮೂರು, ಪೆನ್ಸಿಲ್‌ನಿಂದ ಒಂದು ಗುರುತು ಹಾಕಿ, ಮುಂದಿನಿಂದ ಬಂದು ಆ ಗುರುತಿನಲ್ಲಿ ನಿಲ್ಲಿಸುವುದು, ಹಿಂದಿನಿಂದ ಬಂದು ಅಲ್ಲೇ ನಿಲ್ಲಿಸುವುದು. ಎರಡು ಸಂಖ್ಯೆಗಳ ವ್ಯತ್ಯಾಸವೇ ಗೇರಿನ ಸಡಿಲ. ಇದರಲ್ಲಿ ನನ್ನ ಥ್ರಾಟಲ್ ಪಾಸ್.

ಒಳಗೆ ಇದ್ದದ್ದು

ಯಾವ ಕಂಪನಿಯ ಥ್ರಾಟಲ್ ಅಂತ ಹೇಳುವುದಿಲ್ಲ. ಹಳೆಯದು, ಸೆಕೆಂಡ್ ಹ್ಯಾಂಡ್, ಅದರ ಕೆಲಸ ಅದು ಮಾಡಿದೆ. ತಳದ ಸ್ಕ್ರೂ ಬಿಚ್ಚಿದರೆ ಒಳಗೆ ಮಾಮೂಲಿ 10 ಕಿಲೋ ಓಮ್‌ನ ಕಾರ್ಬನ್ ಪೊಟೆನ್ಷಿಯೋಮೀಟರ್, ಅಂದರೆ ಹಳೆ ರೇಡಿಯೋದ ವಾಲ್ಯೂಮ್ ತಿರುಗಿಸುವ ಪಾಟ್.

ಇದರಲ್ಲಿ ಸವೆತಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಪಾಟ್ ಸುಮಾರು 300 ಡಿಗ್ರಿ ತಿರುಗುವ ವಸ್ತು. ಥ್ರಾಟಲ್ ಲಿವರ್ ತಿರುಗುವುದು 60 ಡಿಗ್ರಿ. ಅಂದರೆ ಟ್ರ್ಯಾಕ್‌ನ ಐದನೇ ಒಂದು ಭಾಗ ಮಾತ್ರ ಬಳಕೆ. 10 ಬಿಟ್‌ನ ಚಿಪ್ ಓದಿದರೆ ಪೂರ್ತಿ ಟ್ರ್ಯಾಕ್‌ಗೆ 1024 ಮೆಟ್ಟಿಲು, ನಮ್ಮ ಪಾಲಿಗೆ ಬರುವುದು 200 ಚಿಲ್ಲರೆ. ಐಡಲ್‌ನಿಂದ (ಇಂಜಿನ್ ಸುಮ್ಮನೆ ಓಡುವ ಸ್ಥಿತಿ) ಆಫ್ಟರ್‌ಬರ್ನರ್ (ಹೆಚ್ಚುವರಿ ಇಂಧನ ಸುಟ್ಟು ಬರುವ ಪೂರ್ತಿ ಶಕ್ತಿ) ತನಕ ಎರಡು ಇಂಜಿನ್‌ಗಳ ಇಡೀ ಶಕ್ತಿ ಆ 200 ಮೆಟ್ಟಿಲಲ್ಲಿ! ಅದರಲ್ಲಿ ಮೂರು ಮೆಟ್ಟಿಲು ತಾನಾಗಿ ಕುಣಿದರೆ ಶೇಕಡಾ 1.5ರಷ್ಟು ಥ್ರಾಟಲ್ ನನ್ನನ್ನು ಕೇಳದೆ ಹೋಗಿ ಬರುತ್ತದೆ. ಒಬ್ಬನೇ ಹಾರುವಾಗ ಇದು ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ಇನ್ನೊಂದು ವಿಮಾನ ಇದ್ದಾಗ ಮಾತ್ರ ಕಾಣುತ್ತದೆ.

ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿದರೆ ಸ್ವಲ್ಪ ದಿನ ಸುಮ್ಮನಾಗುತ್ತದೆ, ಆಮೇಲೆ ಮತ್ತೆ ಅದೇ ರಾಗ. ಹಾಗಾಗಿ ಪಾಟ್ ತೆಗೆದು ಹಾಲ್ ಸೆನ್ಸರ್ ಹಾಕುವುದು ಅಂತ ತೀರ್ಮಾನಿಸಿದೆ.

ಹಾಲ್ ಸೆನ್ಸರ್ ಅಂದರೆ ಮ್ಯಾಗ್ನೆಟ್‌ನ ಬಲವನ್ನು ವೋಲ್ಟೇಜ್ ಆಗಿ ಕೊಡುವ ಸಣ್ಣ ಚಿಪ್. ಒಂದಕ್ಕೊಂದು ಉಜ್ಜುವ ಭಾಗವೇ ಇಲ್ಲ, ಸವೆಯುವುದು ಎಲ್ಲಿಂದ? ನಾನು ತಂದದ್ದು 49ಇ ಅಂತ ಕರೆಯುವ ಮೂರು ಕಾಲಿನ ಲೀನಿಯರ್ ಸೆನ್ಸರ್. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳುವಾಗ 'ಲೀನಿಯರ್' ಅಂತ ಒತ್ತಿ ಹೇಳಿ. ಇಲ್ಲದಿದ್ದರೆ ಆನ್-ಆಫ್ ಮಾತ್ರ ಹೇಳುವ ಸ್ವಿಚ್ ಬಗೆಯ ಹಾಲ್ ಸೆನ್ಸರ್ ಕೈಗೆ ಬರುತ್ತದೆ. ನೋಡಲು ಎರಡೂ ಒಂದೇ ತರ. 49ಇಗೆ 5 ವೋಲ್ಟ್ ಕೊಟ್ಟು ಮ್ಯಾಗ್ನೆಟ್ ದೂರ ಇಟ್ಟಾಗ ಔಟ್‌ಪುಟ್ ಕಾಲಿನಲ್ಲಿ ಸುಮಾರು 2.5 ವೋಲ್ಟ್ ಬಂದರೆ ಅದು ಲೀನಿಯರ್. ಮ್ಯಾಗ್ನೆಟ್‌ನ ಒಂದು ಧ್ರುವ ಹತ್ತಿರ ತಂದರೆ ಮೇಲೇರುತ್ತದೆ, ಇನ್ನೊಂದು ತಂದರೆ ಇಳಿಯುತ್ತದೆ.

ಜೋಡಣೆ ಹೀಗೆ. 10 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಎರಡು ನಿಯೋಡಿಮಿಯಂ ಮ್ಯಾಗ್ನೆಟ್‌ಗಳನ್ನು ಎದುರುಬದುರು ಇಟ್ಟೆ, ಒಂದರ ಉತ್ತರ ಇನ್ನೊಂದರ ದಕ್ಷಿಣವನ್ನು ನೋಡುವಂತೆ. ನಡುವೆ 10 ಮಿ.ಮೀ. ಜಾಗ. ಮ್ಯಾಗ್ನೆಟ್‌ಗಳು ಲಿವರಿನ ಶಾಫ್ಟ್ ಜೊತೆ ತಿರುಗುತ್ತವೆ, ಸೆನ್ಸರ್ ನಡುವೆ ಅಲ್ಲಾಡದೆ ನಿಂತಿರುತ್ತದೆ. ಲಿವರ್ ಅರ್ಧ ದಾರಿಯಲ್ಲಿದ್ದಾಗ ಸೆನ್ಸರ್ 2.5 ವೋಲ್ಟ್ ತೋರಿಸುವಂತೆ ಅದನ್ನು ತಿರುಗಿಸಿ ಅಂಟಿಸಬೇಕು. ಆಗ ಎರಡೂ ಕಡೆ 30 ಡಿಗ್ರಿ ಸಿಗುತ್ತದೆ.

ಇಲ್ಲಿ ಬರುವ ವೋಲ್ಟೇಜ್ ಕೋನಕ್ಕಲ್ಲ, ಕೋನದ ಸೈನ್‌ಗೆ ತಕ್ಕಂತೆ ಏರುತ್ತದೆ. ಹಾಗಾದರೆ ತುದಿಯಲ್ಲಿ ತಪ್ಪು ಬರುವುದಿಲ್ವಾ ಅಂತ ನೀವು ಕೇಳಬಹುದು. 30 ಡಿಗ್ರಿಯ ಸೈನ್ 0.5, ನೇರ ಗೆರೆಯಾಗಿದ್ದರೆ 0.52 ಇರಬೇಕಿತ್ತು. ಶೇಕಡಾ 5ಕ್ಕಿಂತ ಕಡಿಮೆ ವ್ಯತ್ಯಾಸ, ಅದೂ ತುದಿಯಲ್ಲಿ. ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಮ್ಯಾಗ್ನೆಟ್ ದೂರದ ಬಗ್ಗೆ. ಈ ಸೆನ್ಸರ್ ಒಂದು ಗಾಸ್‌ಗೆ ಸುಮಾರು 1.4 ಮಿಲಿವೋಲ್ಟ್ ಕೊಡುತ್ತದೆ, ಹತ್ತಿರಹತ್ತಿರ 1000 ಗಾಸ್ ತನಕ. ಮ್ಯಾಗ್ನೆಟ್ ತೀರಾ ಹತ್ತಿರ ಇಟ್ಟರೆ ಲಿವರ್ ತುದಿ ಮುಟ್ಟುವ ಮೊದಲೇ ಸೆನ್ಸರ್ ತನ್ನ ಮಿತಿ ಮುಟ್ಟಿ ನಿಂತುಬಿಡುತ್ತದೆ. ದೂರ ಇಟ್ಟರೆ ಮೆಟ್ಟಿಲು ಕಡಿಮೆಯಾಗುತ್ತದೆ. ಮೊದಲು ಹಾಟ್ ಗ್ಲೂನಲ್ಲಿ ನಿಲ್ಲಿಸಿ, ಸಂಖ್ಯೆ ನೋಡುತ್ತಾ ಸರಿಸಿ, ಕೊನೆಗೆ ಎಪಾಕ್ಸಿ ಹಾಕುವುದು ಒಳ್ಳೆಯದು. ನನಗೆ ತುದಿಯಿಂದ ತುದಿಗೆ ಹತ್ತಿರ 500 ಮೆಟ್ಟಿಲು ಸಿಕ್ಕಿತು. ಸೆನ್ಸರಿನ ವಿದ್ಯುತ್ ಕಾಲು ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದನ್ನು ಸೆನ್ಸರಿಗೆ ಅಂಟಿದಂತೆಯೇ ಬೆಸುಗೆ ಹಾಕಿದೆ. ಕುಣಿತ ಅರ್ಧ ಅಲ್ಲೇ ಹೋಯಿತು.

ಸೆನ್ಸರನ್ನು ಓದುವುದು ಪ್ರೊ ಮೈಕ್ರೋ ಅನ್ನುವ ಆರ್ಡುಯಿನೋ ಬಗೆಯ ಸಣ್ಣ ಬೋರ್ಡ್. ಅದರ ಎಟಿಮೆಗಾ32ಯು4 ಚಿಪ್‌ಗೆ ಯುಎಸ್‌ಬಿ ಒಳಗೇ ಇದೆ, ಹಾಗಾಗಿ ಕಂಪ್ಯೂಟರ್ ಅದನ್ನು ನೇರವಾಗಿ ಜಾಯ್‌ಸ್ಟಿಕ್ ಅಂತಲೇ ಗುರುತಿಸುತ್ತದೆ. ಎಲ್ಲರ ಮನೆಯಲ್ಲೂ ಬಿದ್ದಿರುವ ಹಳೇ ಆರ್ಡುಯಿನೋ ಊನೋ ಈ ಕೆಲಸಕ್ಕೆ ನೇರವಾಗಿ ಬರುವುದಿಲ್ಲ.

ಕೋಡ್‌ನಲ್ಲಿ ಒಂದೇ ಒಂದು ವಿಷಯ ಹೇಳುವಂಥದ್ದು. ಕುಣಿತ ನಿಲ್ಲಿಸಲು ಬಹಳ ಜನ ಭಾರಿ ಫಿಲ್ಟರ್ ಹಾಕುತ್ತಾರೆ: ಹೊಸ ಸಂಖ್ಯೆಯ ಹತ್ತರಲ್ಲೊಂದು ಪಾಲು, ಹಳೆಯದರ ಒಂಬತ್ತು ಪಾಲು, ಹೀಗೆ. ಪರದೆಯ ಮೇಲೆ ಗೆರೆ ರೇಷ್ಮೆಯಂತೆ ಕಾಣುತ್ತದೆ. ಆದರೆ ಕೈ ಮುಂದೆ ಹೋದ ಮೇಲೆ ಸಂಖ್ಯೆ ನಿಧಾನವಾಗಿ ಅದರ ಹಿಂದೆ ಬರುತ್ತದೆ. ಫಾರ್ಮೇಶನ್‌ನಲ್ಲಿ ಇದು ವಿಷ. ನೀವು ಥ್ರಾಟಲ್ ಮುಂದೆ ತಳ್ಳುತ್ತೀರಿ, ಏನೂ ಆಗಲಿಲ್ಲ ಅನಿಸುತ್ತದೆ, ಇನ್ನಷ್ಟು ತಳ್ಳುತ್ತೀರಿ, ಅಷ್ಟರಲ್ಲಿ ಮೊದಲನೆಯದು ಬಂದು ಸೇರುತ್ತದೆ. ತಡವಾಗಿ ಬರುವ ಉತ್ತರಕ್ಕೆ ಪೈಲಟ್ ತಾನೇ ಕೈ ಜಾಸ್ತಿ ಆಡಿಸಿ ತೂಗಾಟ ಬೆಳೆಸುವುದು ನಿಜವಾದ ವಿಮಾನಗಳಲ್ಲೂ ಇರುವ ತೊಂದರೆ. ಅದರ ಬದಲು ಒಂದೇ ಉಸಿರಿನಲ್ಲಿ 16 ಸಲ ಓದಿ ಕೂಡಿಸಿ 4ರಿಂದ ಭಾಗಿಸಿದೆ. ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡ್, 16ಕ್ಕೆ 1.6. ಕೈಗೆ ಗೊತ್ತೇ ಆಗದ ತಡ. ಜೊತೆಗೆ 10 ಬಿಟ್‌ನ ಚಿಪ್‌ನಿಂದ 12 ಬಿಟ್‌ನಷ್ಟು ನುಣುಪು ಬರುತ್ತದೆ. 500 ಮೆಟ್ಟಿಲು 2000 ಆಯಿತು.

ಕೊನೆಗೆ ಲಿವರಿನ ಹಿಡಿತ. ಲಿವರ್ ಜಾಗದಲ್ಲೇ ಅಂಟಿಕೊಂಡಿದ್ದು, ತಳ್ಳಿದರೆ ತಟ್ಟನೆ ಜಿಗಿಯುತ್ತಿದ್ದರೆ ಯಾವ ಸೆನ್ಸರ್ ಹಾಕಿಯೂ ಪ್ರಯೋಜನವಿಲ್ಲ. ಹಳೇ ಗ್ರೀಸ್ ಕೆರೆದು ತೆಗೆದು, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿದೆ. ಪೆಟ್ರೋಲಿಯಂ ಗ್ರೀಸ್ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಹಾಳುಮಾಡುತ್ತದೆ, ಅದು ಬೇಡ. ಶಾಫ್ಟ್‌ಗೆ ಫೆಲ್ಟ್ ತುಂಡು ಒತ್ತುವ ಒಂದು ಸ್ಕ್ರೂ ಹಾಕಿದೆ. ಬಿಗಿ ಎಷ್ಟು ಬೇಕೋ ಅಷ್ಟು ತಿರುಗಿಸಿಕೊಳ್ಳಬಹುದು.

ಸ್ಟಿಕ್ ಉದ್ದ ಮಾಡಿದ್ದು

ಇದು ಸುಲಭದ ಕೆಲಸ, ಲಾಭ ದೊಡ್ಡದು. ಮೇಜಿನ ಮೇಲೆ ಇಡುವ ಜಾಯ್‌ಸ್ಟಿಕ್‌ನಲ್ಲಿ ತಿರುಗುವ ಬಿಂದುವಿನಿಂದ ಅಂಗೈಗೆ ಸುಮಾರು 15 ಸೆಂ.ಮೀ. ಪ್ರತಿ ಕಡೆ 20 ಡಿಗ್ರಿ ಬಾಗಿದರೆ ಕೈ ಚಲಿಸುವುದು 5 ಸೆಂ.ಮೀ. ಮಾತ್ರ. ನಡುವೆ 10 ಸೆಂ.ಮೀ.ನ ಅಲ್ಯೂಮಿನಿಯಂ ಪೈಪ್ ಸೇರಿಸಿದರೆ ಅದು ಎಂಟೂವರೆ ಆಗುತ್ತದೆ. ಅದೇ ಕೈ, ಅದೇ ಸೆನ್ಸರ್, ಆದರೆ ಸಣ್ಣ ತಿದ್ದುಪಡಿ ಒಂದೂವರೆ ಪಟ್ಟಿಗಿಂತ ಹೆಚ್ಚು ಸುಲಭ. ಮೇಜಿನಿಂದ ಇಳಿಸಿ ಕುರ್ಚಿಯ ಮುಂದೆ, ಎರಡು ಮೊಣಕಾಲ ನಡುವೆ ನಿಲ್ಲಿಸಬೇಕು. ಮುಂಗೈ ತೊಡೆಯ ಮೇಲೆ ಒರಗುತ್ತದೆ, ಬೆರಳುಗಳಿಂದ ಹಾರಿಸಬಹುದು.

ಇದಕ್ಕೊಂದು ಬೆಲೆ ಇದೆ. ಉದ್ದ ಹೆಚ್ಚಿದಂತೆ ಕೈಗೆ ಸಿಗುವ ಸ್ಪ್ರಿಂಗ್‌ನ ಎದುರೊತ್ತು ಕಡಿಮೆಯಾಗುತ್ತದೆ, ನನ್ನ ಲೆಕ್ಕದಲ್ಲಿ ಮೊದಲಿದ್ದರ ಶೇಕಡಾ 60. ಸ್ಟಿಕ್ ಸೋತಂತೆ ಅನಿಸಿತು. ಗಟ್ಟಿ ಸ್ಪ್ರಿಂಗ್ ಹುಡುಕಿ ಹಾಕಿದ ಮೇಲೆ ಸರಿಹೋಯಿತು. ಒಳಗಿನ ವೈರ್‌ಗಳನ್ನೂ ಉದ್ದ ಮಾಡಬೇಕು, ಬಣ್ಣದ ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ.

ಇದಾದ ಮೇಲೆ ಡಿಸಿಎಸ್‌ನ ಆಕ್ಸಿಸ್ ಸೆಟ್ಟಿಂಗ್‌ನಲ್ಲಿ ಹಾಕಿದ್ದ ಕರ್ವ್ ಪೂರ್ತಿ ತೆಗೆದೆ. ಕರ್ವ್ ಹಾಕಿದರೆ ಮಧ್ಯದಲ್ಲಿ ಮೃದು, ಆದರೆ ಆ ಮೃದುತನದ ಸಾಲವನ್ನು ತುದಿಯಲ್ಲಿ ತೀರಿಸಬೇಕು, ಅಲ್ಲಿ ಸ್ಟಿಕ್ ಹುಚ್ಚಾಗುತ್ತದೆ. ಪೈಪ್ ಹಾಕಿದವರಿಗೆ ಕರ್ವ್ ಯಾಕೆ ಬೇಕು ಅಂತ ನನಗೆ ಈಗಲೂ ಅರ್ಥವಾಗಿಲ್ಲ.

ಪೆಡಲ್

ಹಾರ್ನೆಟ್‌ಗೆ ರಡರ್ ಪೆಡಲ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಕಾಲಿನ ಪೆಡಲ್) ಅಷ್ಟು ಬೇಕಿಲ್ಲ ಅನ್ನುವವರಿದ್ದಾರೆ. ಅದರ ಕಂಪ್ಯೂಟರ್ ತಿರುವಿನಲ್ಲಿ ರಡರನ್ನು ತಾನೇ ನೋಡಿಕೊಳ್ಳುತ್ತದೆ, ಅದು ನಿಜ. ನನಗೆ ಬೇಕಾಗಿದ್ದು ಬೇರೆ ಕಾರಣಕ್ಕೆ. ಸ್ಟಿಕ್ ತಿರುಚಿದರೆ ರಡರ್ ಆಗುವ ಬಗೆಯದು ನನ್ನದು. ಜೋರಾಗಿ ಎಳೆಯುವಾಗ ಮಣಿಕಟ್ಟು ತಾನಾಗಿ ತಿರುಚುತ್ತದೆ, ಮೂಗು ಪಕ್ಕಕ್ಕೆ ಹೋಗುತ್ತದೆ. ತಿರುಚುವುದನ್ನು ಒಂದು ಪಿನ್ ಹಾಕಿ ಲಾಕ್ ಮಾಡಿದೆ. ಆಮೇಲೆ ಹಡಗಿನ ಡೆಕ್ ಮೇಲೆ ಮುಂಚಕ್ರ ತಿರುಗಿಸಲು ಕಾಲಿಗೇನಾದರೂ ಬೇಕಲ್ಲ?

18 ಮಿ.ಮೀ. ಪ್ಲೈವುಡ್‌ನ ತುಂಡು, ನಡುವೆ ತಿರುಗುವ ಒಂದೇ ಅಡ್ಡಪಟ್ಟಿ. ತಿರುಗುವಲ್ಲಿ ಎರಡು 608 ಬೇರಿಂಗ್, ಸ್ಕೇಟ್ ಚಕ್ರದಲ್ಲಿ ಬರುವಂಥದ್ದು. ಹೊರಗೆ 22 ಮಿ.ಮೀ., ಒಳಗೆ 8. ತೂತು ಕೊರೆಸಲು ಬಡಗಿ ಅಂಗಡಿಗೆ ಹೋದೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ಏನ್ ಸಾರ್ ಇದು, ಹೊಲಿಗೆ ಮಷಿನ್ ಪೆಡಲ್ಲಾ?" ಅಂದರು. ವಿಮಾನದ್ದು ಅಂದೆ. ಇನ್ನೇನೂ ಕೇಳಲಿಲ್ಲ, ತೂತು ಮಾತ್ರ ಅಚ್ಚುಕಟ್ಟಾಗಿ ಕೊರೆದುಕೊಟ್ಟರು.

ಮಧ್ಯಕ್ಕೆ ಮರಳಲು ಎರಡು ಸ್ಪ್ರಿಂಗ್, ಒಂದಕ್ಕೊಂದು ಎದುರಾಗಿ. ಪೆಡಲ್ ಪೂರ್ತಿ ಒಂದು ಕಡೆ ಹೋದಾಗಲೂ ಎರಡೂ ಎಳೆತದಲ್ಲೇ ಇರುವಷ್ಟು ಬಿಗಿಯಾಗಿ ಕಟ್ಟಬೇಕು. ಒಂದು ಸಡಿಲವಾದರೂ ಮಧ್ಯದಲ್ಲಿ ಲೊಡಲೊಡ. ಸೆನ್ಸರ್, ಮ್ಯಾಗ್ನೆಟ್ ಥ್ರಾಟಲ್‌ನಲ್ಲಿ ಹಾಕಿದಂತೆಯೇ, ಪ್ರೊ ಮೈಕ್ರೋದ ಇನ್ನೊಂದು ಪಿನ್‌ಗೆ. ಇಲ್ಲಿ ಮಾತ್ರ ತಿರುಗುವ ಬೋಲ್ಟ್ ಹಿತ್ತಾಳೆಯದು ಹಾಕಿದೆ. ಕಬ್ಬಿಣದ ಬೋಲ್ಟ್ ಮ್ಯಾಗ್ನೆಟ್ ಪಕ್ಕದಲ್ಲಿದ್ದರೆ ಕಾಂತಕ್ಷೇತ್ರವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಎಡಕ್ಕೊಂದು ಲೆಕ್ಕ ಬಲಕ್ಕೊಂದು ಲೆಕ್ಕ ಆಗುತ್ತದೆ.

ಯಾರೂ ಮೊದಲೇ ಹೇಳದ ಸಂಗತಿ: ಪೆಡಲ್ ಒತ್ತಿದರೆ ಚಕ್ರದ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಪೆಡಲಿನ ಹಲಗೆಯಿಂದ ಕುರ್ಚಿಯ ಕಾಲಿಗೆ ಲಗೇಜ್ ಪಟ್ಟಿ ಬಿಗಿದೆ.

ಹಾರಿಸಿ ನೋಡಿದ್ದು

ಫಾರ್ಮೇಶನ್ ಮೊದಲು. ಟ್ಯಾಕ್‌ವ್ಯೂನಲ್ಲಿ ಗರಗಸ ಹೋಗಿ ಮೆಲ್ಲನೆಯ ಅಲೆ ಬಂತು. ಅಲೆ ಪೂರ್ತಿ ಹೋಗಿಲ್ಲ, ಅದು ನನ್ನ ಕೈಯದು. ಈಗ ಕಡೇಪಕ್ಷ ತಿದ್ದಬೇಕಾದವರು ಯಾರು ಅಂತ ಗೊತ್ತು.

ಹಡಗಿನ ಮೇಲೆ ಇಳಿಯುವ ಪಾಠ ಥ್ರಾಟಲ್‌ಗೇ ಮಾಡಿಸಿದಂತಿದೆ. ಹಗಲು, ಹವಾಮಾನ ಚೆನ್ನಾಗಿದ್ದಾಗಿನ ಕ್ರಮಕ್ಕೆ ಕೇಸ್ 1 ಅನ್ನುತ್ತಾರೆ. 800 ಅಡಿಯಲ್ಲಿ 350 ನಾಟ್ ವೇಗದಲ್ಲಿ ಹಡಗಿನ ಪಕ್ಕ ಹಾದು, ಎಡಕ್ಕೆ ಜೋರಾಗಿ ತಿರುಗಿ, 250 ನಾಟ್‌ಗಿಂತ ಕೆಳಗೆ ಬಂದಾಗ ಚಕ್ರ ಇಳಿಸಿ, 600 ಅಡಿಯಲ್ಲಿ ಹಡಗಿಗೆ ಎದುರು ದಿಕ್ಕಿನಲ್ಲಿ ಹೋಗಬೇಕು. ಆಮೇಲೆ ಮತ್ತೆ ತಿರುಗಿ, ಕೊನೆಯ 15ರಿಂದ 18 ಸೆಕೆಂಡ್ ಮಾತ್ರ ನೇರ ಹಾದಿ. ಅಷ್ಟರಲ್ಲಿ ವಿಮಾನ 8.1 ಡಿಗ್ರಿ ಆಂಗಲ್ ಆಫ್ ಅಟ್ಯಾಕ್‌ನಲ್ಲಿ (ಎದುರುಗಾಳಿಗೆ ರೆಕ್ಕೆಯ ಕೋನ) ನಿಂತಿರಬೇಕು. ಆ ಕೋನವನ್ನು ಟ್ರಿಮ್ (ಸ್ಟಿಕ್ ಒತ್ತದೆಯೂ ವಿಮಾನ ಹಾಗೇ ನಿಲ್ಲುವಂತೆ ಮಾಡುವ ಹೊಂದಿಕೆ) ಹಿಡಿದಿಡುತ್ತದೆ, ಏರಿಳಿತವನ್ನು ನೋಡಿಕೊಳ್ಳುವುದು ಥ್ರಾಟಲ್. ಸರಿಯಾದ ಎತ್ತರ ತೋರಿಸುವ, ಡೆಕ್‌ನ ಎಡಗಡೆಯ ದೀಪದ ಚೆಂಡು ಒಂದಿಷ್ಟು ಕೆಳಗಾದರೆ ಕೂದಲೆಳೆಯಷ್ಟು ಶಕ್ತಿ ಸೇರಿಸಿ, ಅದರ ಅರ್ಧ ತೆಗೆದು, ಮತ್ತೆ ಸ್ವಲ್ಪ ಸೇರಿಸಿ, ಹೀಗೆ ಕೈ ನಿಲ್ಲದೆ ಆಡುತ್ತಿರಬೇಕು. 200 ಮೆಟ್ಟಿಲಿನ ಥ್ರಾಟಲ್‌ನಲ್ಲಿ ಆ ಕೂದಲೆಳೆ ಇರಲೇ ಇಲ್ಲ. ಈಗ ಇದೆ. ಇಳಿದ ವಿಮಾನ ಕೊಕ್ಕೆಯಿಂದ ಹಿಡಿದು ನಿಲ್ಲಲು ಡೆಕ್‌ಗೆ ಅಡ್ಡಲಾಗಿ ತಂತಿಗಳಿರುತ್ತವೆ. ನಾಲ್ಕು ತಂತಿಯ ಹಡಗಿನಲ್ಲಿ ಹಿಡಿಯಬೇಕಾದದ್ದು ಮೂರನೆಯದು. ನನಗೆ ಎರಡನೆಯದು ಸಿಗುವುದು ಜಾಸ್ತಿ, ಬೈಗುಳ ಕಡಿಮೆಯಾಗಿದೆ.

ಇದನ್ನೆಲ್ಲ ಆಡುವಾಗ ನಮ್ಮೂರಿನದೊಂದು ನೆನಪಾಗದೆ ಇರುವುದಿಲ್ಲ. ಬೆಂಗಳೂರಲ್ಲೇ ರೂಪುಗೊಂಡ ತೇಜಸ್‌ನ ನೌಕಾ ಮಾದರಿ 2019ರ ಸೆಪ್ಟೆಂಬರ್‌ನಲ್ಲಿ ಗೋವಾದ ಐಎನ್ಎಸ್ ಹಂಸಾ ನೌಕಾ ವಾಯುನೆಲೆಯಲ್ಲಿ, ನೆಲದ ಮೇಲೆ ಕಟ್ಟಿದ ಪರೀಕ್ಷಾ ತಾಣದಲ್ಲಿ, ತಂತಿ ಹಿಡಿದು ನಿಂತಿತು. 2020ರ ಜನವರಿ 11ರಂದು ಐಎನ್ಎಸ್ ವಿಕ್ರಮಾದಿತ್ಯದ ಡೆಕ್ ಮೇಲೆ ಇಳಿಯಿತು. ಹಾರಿಸಿದವರು ಕಮೋಡೋರ್ ಜೈದೀಪ್ ಮಾವ್ಳಂಕರ್. ನಾವು ಕುರ್ಚಿಗೆ ಪಟ್ಟಿ ಕಟ್ಟಿಕೊಂಡು ಮೂರನೇ ತಂತಿಗೆ ಒದ್ದಾಡುವವರಿಗೆ ಅದು ಎಂಥ ಕೆಲಸ ಅಂತ ಚೂರಾದರೂ ಅಂದಾಜಿದೆ.

ಕೊನೆಗೆ ಟ್ಯಾಂಕರ್. ಹಾರ್ನೆಟ್‌ನ ಮೂಗಿನ ಬಲಗಡೆಯಿಂದ ಹೊರಬರುವ ಕೊಳವೆಯನ್ನು ಟ್ಯಾಂಕರ್ ಹಿಂದೆ ಎಳೆಯುವ ಪೈಪ್‌ನ ತುದಿಯ ಬುಟ್ಟಿಯೊಳಗೆ ತೂರಿಸಬೇಕು. ಟ್ಯಾಂಕರ್‌ಗಿಂತ ಎರಡು ಮೂರು ನಾಟ್ ಮಾತ್ರ ಜಾಸ್ತಿ ವೇಗ. ಎಲ್ಲ ಇನ್‌ಸ್ಟ್ರಕ್ಟರ್‌ಗಳೂ ಹೇಳುವುದು ಒಂದೇ: ಬುಟ್ಟಿ ನೋಡಬೇಡ, ಟ್ಯಾಂಕರ್ ನೋಡು. ಬುಟ್ಟಿಯನ್ನು ಬೆನ್ನಟ್ಟಿದರೆ ಅದು ಅಲ್ಲಾಡಿದಂತೆಲ್ಲ ನೀವೂ ಅಲ್ಲಾಡುತ್ತೀರಿ. ಹಳೇ ಥ್ರಾಟಲ್‌ನಲ್ಲಿ ಬುಟ್ಟಿಯ ಹಿಂದೆ ನಿಲ್ಲುವುದೇ ಆಗುತ್ತಿರಲಿಲ್ಲ. ಈಗ ಹಿಂದೆ ನಿಂತು, ಉಸಿರು ಬಿಟ್ಟು, ಲಿವರನ್ನು ಒಂದು ಚೂರು ಮುಂದೆ ತಳ್ಳಿ ಕಾಯಬಹುದು. ಟ್ಯಾಂಕ್ ತುಂಬುವ ತನಕ ಅಂಟಿಕೊಂಡಿರುವುದು ಇನ್ನೂ ಪ್ರತಿ ಸಲ ಆಗುವುದಿಲ್ಲ. ಟ್ಯಾಂಕರ್ ತಿರುವು ತೆಗೆದುಕೊಂಡಾಗ ಕಳಚಿಹೋಗುತ್ತದೆ.

ಉಳಿದ ಕೆಲಸ ಹೀಗಿದೆ. ಥ್ರಾಟಲ್‌ನಲ್ಲಿ ಆಫ್ಟರ್‌ಬರ್ನರ್ ಶುರುವಾಗುವಲ್ಲಿ ಕೈಗೆ ತಾಗುವ ಒಂದು ತಡೆ ಬೇಕು, ಅದಕ್ಕೆ ಸ್ಪ್ರಿಂಗ್ ಇರುವ ಬಾಗಿಲಿನ ಬಾಲ್ ಕ್ಯಾಚ್ ತಂದಿಟ್ಟಿದ್ದೇನೆ. ಪೆಡಲಿಗೆ ಬ್ರೇಕ್ ಇಲ್ಲ. ಸೆನ್ಸರ್ ಬಿಸಿಯೇರಿದಾಗ ಮಧ್ಯಬಿಂದು ಒಂಚೂರು ಸರಿಯುವುದು ಕಾಣುತ್ತಿದೆ, ಹಾಗಾಗಿ ಸದ್ಯಕ್ಕೆ ಹತ್ತು ನಿಮಿಷ ಆನ್ ಮಾಡಿಟ್ಟು ಆಮೇಲೆ ಕ್ಯಾಲಿಬ್ರೇಟ್ ಮಾಡುತ್ತಿದ್ದೇನೆ. ಪಟ್ಟಿಯಲ್ಲಿ ಮುಂದಿನ ಪಾಠ ಕೇಸ್ 3, ರಾತ್ರಿ ಇಳಿಯುವುದು. ಕೋಣೆಯ ದೀಪ ಆರಿಸಿ ಕೂತರೆ ಸ್ವಿಚ್ ಯಾವುದು ಎಲ್ಲಿದೆ ಅಂತ ಕಾಣುತ್ತಿಲ್ಲ, ಆದ್ದರಿಂದ ಈ ಶನಿವಾರ ಎಸ್.ಪಿ. ರೋಡಿನಿಂದ ಹಸಿರು ಎಲ್ಇಡಿ ಮತ್ತು ರೆಸಿಸ್ಟರ್ ತರಬೇಕು.